ದಿಕ್ಕಿಲ್ಲದ ಸಾಲು

ಫೆಬ್ರವರಿ 3

ಕರ್ತನಲ್ಲಿ ಪ್ರಿಯ ಮಗಳಿಗೆ,

ನಾವಿಬ್ಬರೂ ಕ್ಷೇಮ. ನಿನ್ನ ಕ್ಷೇಮ ಸಮಾಚಾರ ನಿನ್ನಮ್ಮನಿಗೆ ವರ್ಷಕ್ಕೊಂದು ಸಲ ಬರುವ ಕಾರ್ಡಿನಿಂದ ತಿಳಿಯುತ್ತದೆ. ಅವಳು ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಡುತ್ತಾಳೆ. ಅವಳು ಹೊರಗೆ ಹೋದಾಗ ನಾನು ತೆಗೆದು ಓದಿ ಇದ್ದ ಹಾಗೇ ಇಡುತ್ತೇನೆ. ಅವಳಿಗೆ ಇದು ಗೊತ್ತು, ಆದರೂ ಗೊತ್ತಿಲ್ಲದ ಹಾಗೆ ಇರುತ್ತಾಳೆ.

ಒಂಬತ್ತು ವರ್ಷವಾದ ಮೇಲೆ ಕಾಗದ ಬರೆಯುವುದಕ್ಕೆ ಒಂದು ಕಾರಣ ಬೇಕು. ಕಾರಣ ಇಷ್ಟೇ. ನಮ್ಮ ಸ್ಮಶಾನದ ಹಿಂದಿನ ಗೋಡೆಯನ್ನು ಒಡೆಯುತ್ತಾರೆ. ರಸ್ತೆ ಅಗಲ ಮಾಡುವುದಕ್ಕೆ ನಮ್ಮ ಕಡೆಯಿಂದ ಹನ್ನೆರಡು ಅಡಿ ಬೇಕಂತೆ, ಸಭೆಯವರು ಒಪ್ಪಿದ್ದಾರೆ. ಆ ಹನ್ನೆರಡು ಅಡಿಯೊಳಗೆ, ಗೋಡೆಗೆ ಒತ್ತಿಕೊಂಡು, ಸಣ್ಣ ಗೋರಿಗಳು ಹದಿನಾರಿವೆ. ಎಲ್ಲವನ್ನೂ ತೆಗೆದು ಒಳಗಿನ ಸಾಲಿಗೆ ತರಬೇಕು. ನಲವತ್ತು ವರ್ಷದಿಂದ ಈ ಜಾಗ ನೋಡಿಕೊಳ್ಳುತ್ತಿರುವವನು ನಾನಾದ್ದರಿಂದ ಹೆತ್ತವರ ಒಪ್ಪಿಗೆ ತರುವ ಕೆಲಸವೂ ನನ್ನ ತಲೆಗೇ ಬಂತು. ಹದಿನೈದು ಫಾರಂ ಆದವು. ಹೆತ್ತವರು ತೀರಿಕೊಂಡಿದ್ದ ಕಡೆ ಪಾದ್ರಿಗಳೇ ಸಹಿ ಹಾಕಿದರು. ಹದಿನಾರನೆಯದು ನಿನ್ನದು, ಇದರ ಜೊತೆಗಿದೆ. ಮಗುವಿನ ಹೆಸರು ಎಂಬ ಕಡೆ ಖಾಲಿ ಬಿಡಬಹುದು, ಬಹಳ ಜನ ಹಾಗೇ ಬಿಟ್ಟಿದ್ದಾರೆ.

ಈಗಿರುವ ಪಾದ್ರಿಗಳು ಹೊಸಬರು, ಒಳ್ಳೆಯವರು, ಸ್ವಲ್ಪ ಆತುರ. ದೀಕ್ಷಾಸ್ನಾನ ಆಗಿರಲಿ ಬಿಡಲಿ, ಮಕ್ಕಳೆಲ್ಲ ಸಾಲಿಗೆ ಬರಲಿ ಎಂದಿದ್ದಾರೆ. ಏಳನೆಯ ಸಾಲಿನಲ್ಲಿ ಜಾಗ ಗುರುತು ಮಾಡಿದ್ದೇನೆ. ಕರ್ತನು ಅಷ್ಟರೊಳಗೆ ಮತ್ತೆ ಬರದೆ ತಡಮಾಡಿದರೆ ಏಪ್ರಿಲ್ ಮೊದಲ ವಾರ ಅಗೆಯುತ್ತೇವೆ. ಸಹಿ ಬೇಗ ಕಳಿಸು.

ನಿನ್ನ ಅಪ್ಪ

ಇದರಡಿ ನಾನು ಬರೀತಿದೀನಿ. ಇಷ್ಟು ಬರೆಯೋಕೆ ಇವರಿಗೆ ನಾಲ್ಕು ದಿನ ಆಯ್ತು. ಹರಿದು ಬಿಸಾಕಿದ ಹಾಳೆ ಗುಡಿಸಿ ಗುಡಿಸಿ ನನ್ನ ಸೊಂಟ ಬಿತ್ತು. — ಅಮ್ಮ


ಫೆಬ್ರವರಿ 16

ಅಪ್ಪನಿಗೆ,

ಫಾರಂ ಬಂತು. ಸಹಿ ಹಾಕಿಲ್ಲ, ಹರಿದೂ ಹಾಕಿಲ್ಲ. ನನ್ನ ಕೆಲಸದ ಮೇಜಿನ ಮೇಲಿದೆ.

ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ ನನ್ನದು. ಕಾರ್ಡು ಓದುತ್ತೀರಿ ಅಂದಮೇಲೆ ಇದು ನಿಮಗೆ ಗೊತ್ತಿರಬೇಕು. ಕೆಲವರ ಕಣ್ಣಿಗೆ ಗಾಜನ್ನು ಇಂಥದೇ ಕೋನದಲ್ಲಿ ಕೂರಿಸಬೇಕು. ಎರಡು ಗೆರೆ ಆಚೀಚೆಯಾದರೂ ಹಾಕಿಕೊಂಡವರಿಗೆ ತಲೆ ಸುತ್ತುತ್ತದೆ, ಮೆಟ್ಟಿಲು ಇಳಿಯುವಾಗ ಕಾಲು ತಪ್ಪುತ್ತದೆ. ನಾನು ಕೂರಿಸಿದ್ದು ವಾಪಸ್ಸು ಬಂದದ್ದು ಕಡಿಮೆ. ಒಂದು ದಿನ ಯಜಮಾನರು, ‘ಈ ಕಣ್ಣು ನಿಂಗೆ ಯಾರಿಂದ ಬಂತಮ್ಮ?’ ಎಂದು ಕೇಳಿದರು. ದಾರ ಕಟ್ಟಿ ಗೋರಿಯ ಸಾಲು ನೇರ ಮಾಡುವವರೊಬ್ಬರಿಂದ ಎಂದು ಹೇಳಬಹುದಿತ್ತು. ಮುಂದಿನ ಗಾಜು ಕೈಗೆತ್ತಿಕೊಂಡೆ.

ಸಹಿಗೆ ಮುಂಚೆ ಒಂದು ಪ್ರಶ್ನೆ. ಹೊಸದಲ್ಲ, ಆಗ ಕೇಳಿದ್ದೇ. ಅವಳನ್ನು ಯಾವ ದಿಕ್ಕಿಗೆ ಮಲಗಿಸಿದಿರಿ?

ನೀವು ಮರೆತಿದ್ದರೆ ನೆನಪು ಮಾಡುತ್ತೇನೆ. ಅವಳು ಉಸಿರಿಲ್ಲದೆ ಹುಟ್ಟಿದ ದಿನ ಅದು. ಸಂಜೆ ನೀವು ವಾರ್ಡಿಗೆ ಬಂದು ನನ್ನ ಮಂಚದ ಕಾಲ ಬುಡದಲ್ಲಿ ನಿಂತಿರಿ. ಬೂಟಿಗೆ ಮಣ್ಣು ಹತ್ತಿತ್ತು. ನಾನು ಕೇಳಿದೆ. ನೀವು, ‘ಅದಕ್ಕೆ ದಿಕ್ಕಿಲ್ಲ’ ಅಂದಿರಿ. ಪಕ್ಕದ ಮಂಚದವಳೂ ತಿರುಗಿ ನೋಡಿದಳು. ಮಗುವಿನ ಅಪ್ಪ ಅನ್ನಿಸಿಕೊಂಡವನು ಐದನೆಯ ತಿಂಗಳಲ್ಲೇ ನನ್ನನ್ನು ಬಿಟ್ಟು ಹೋಗಿದ್ದ. ದಿಕ್ಕಿಲ್ಲದವರು ಅಂದರೆ ಯಾರು ಎಂದು ನಮ್ಮ ಭಾಷೆ ಬಲ್ಲ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆಸ್ಪತ್ರೆಯಿಂದ ನಾನು ಮನೆಗೆ ಬರದೆ ಇದ್ದದ್ದು ಆ ಎರಡು ಪದಕ್ಕೆ.

ನಿಮ್ಮ ಮಗಳು


ಫೆಬ್ರವರಿ 22

ಕರ್ತನಲ್ಲಿ ಪ್ರಿಯ ಮಗಳಿಗೆ,

ನೀನು ತಪ್ಪು ತಿಳಿದುಕೊಂಡಿದ್ದೀಯ. ಅದು ಕೆಲಸದ ಮಾತು. ಅಗೆಯುವವರು, ಕಲ್ಲು ಕೆತ್ತುವವರು ಎಲ್ಲರೂ ಆ ಗೋಡೆ ಪಕ್ಕದ ಜಾಗವನ್ನು ನಾನು ಸೇರುವುದಕ್ಕೆ ಮೊದಲಿನಿಂದ ದಿಕ್ಕಿಲ್ಲದ ಸಾಲು ಅಂತಲೇ ಕರೆಯುವುದು. ನೀನು ಆ ಸ್ಮಶಾನದ ಗೇಟಿನ ಮನೆಯಲ್ಲೇ ಬೆಳೆದವಳು, ನಿನಗೆ ಹೇಳಿಕೊಡಬೇಕಾಗಿಲ್ಲ. ಆದರೂ ಬರೆಯುತ್ತೇನೆ.

ಒಳಗಿನ ಸಾಲುಗಳಲ್ಲಿ ತಲೆ ಪಶ್ಚಿಮಕ್ಕೆ, ಪಾದ ಪೂರ್ವಕ್ಕೆ. ಕರ್ತನು ಬರುವುದು ಮೂಡಣದಿಂದ. ತುತ್ತೂರಿ ಕೇಳಿ ಎದ್ದು ಕೂತರೆ ಮುಖ ಸೀದಾ ಆತನ ಕಡೆಗೇ ಇರಬೇಕು, ಯಾರೂ ತಡಕಾಡಬಾರದು. ಪಾದ್ರಿಗಳನ್ನು ಮಾತ್ರ ತಿರುವುಮುರುವು ಮಲಗಿಸುತ್ತೇವೆ, ಎದ್ದಾಗ ಅವರ ಮುಖ ತಮ್ಮ ಸಭೆಯವರ ಕಡೆಗಿರಲಿ ಎಂದು. ಗೋಡೆ ಪಕ್ಕ ಜಾಗ ಕಿರಿದು. ಅಲ್ಲಿ ಗೋಡೆಯ ಉದ್ದಕ್ಕೆ, ಅಂದರೆ ತೆಂಕು ಬಡಗಾಗಿ ಮಲಗಿಸಬೇಕು. ಹಾಗಾಗಿ ಅದಕ್ಕೆ ದಿಕ್ಕಿಲ್ಲ. ನಾನು ಹೇಳಿದ್ದು ಇದನ್ನು. ನೀನು ಕೇಳಿಸಿಕೊಂಡದ್ದು ಬೇರೆ.

ಮಾತು ತಪ್ಪಾಗಿ ಕೇಳಿಸಿಕೊಳ್ಳುವುದು ನಿನಗೆ ಹೊಸದಲ್ಲ. ಕರ್ತನು ಮತ್ತೆ ಬರುವುದನ್ನು ನಮ್ಮ ಸಭೆಯಲ್ಲಿ ‘ಬರೋಣ’ ಎನ್ನುತ್ತಾರೆಂದು ತಿಳಿಯದೆ, ಆರು ವರ್ಷದವಳಿದ್ದಾಗ ನೀನು ಪಾದ್ರಿಗಳ ಪ್ರಸಂಗದ ಮಧ್ಯೆ ಎದ್ದು ನಿಂತು, ‘ಎಲ್ಲಿಗೆ ಹೋಗಿ ಬರೋಣಪ್ಪ? ನಾನೂ ಬರ್ತೀನಿ’ ಅಂದಿದ್ದೆ. ಇಡೀ ಸಭೆ ನಕ್ಕಿತು. ನಿನ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ನಿನ್ನನ್ನು ಹೊರಗೆ ಕರೆದುಕೊಂಡು ಹೋಗಿ ಗದರಿದೆ. ಯಾಕೆ ಗದರಿದೆನೋ ಈಗ ಗೊತ್ತಾಗುವುದಿಲ್ಲ.

ದೀಕ್ಷಾಸ್ನಾನವಿಲ್ಲದ ಮಗು ಸಾಲಿಗಿಲ್ಲ ಎಂಬ ನಿಯಮ ಆಗಿನ ಪಾದ್ರಿಗಳದು, ಅವರ ಹಿಂದಿನವರದು. ನನ್ನ ಕೈಯಲ್ಲಿ ಏನಿತ್ತು? ಅವರು ಹೇಳಿದರು, ನಾನು ಅಗೆದೆ. ಈಗ ಕಾಲ ಬದಲಾಗಿದೆ, ಎಲ್ಲ ಸರಿಹೋಗುತ್ತದೆ. ಪಾದ ಪೂರ್ವಕ್ಕಿಟ್ಟು ನಾನೇ ಮಲಗಿಸುತ್ತೇನೆ. ಕರ್ತನು ಬಂದ ಮೇಲೆ ಆತನ ಸಾವಿರ ವರ್ಷದ ಆಳ್ವಿಕೆಯಲ್ಲಿ ಸಾವೇ ಇರುವುದಿಲ್ಲವಂತೆ, ನನಗೆ ಕೆಲಸವೂ ಇರುವುದಿಲ್ಲ. ‘ಆವಾಗ ಇವರು ರಸ್ತೆ ಬದಿಯ ಕಂಬ ನೇರ ಇವೆಯಾ ಅಂತ ನೋಡ್ತಾ ತಿರುಗ್ತಾರೆ’ ಎಂದು ನಿನ್ನಮ್ಮ ಆಡಿಕೊಳ್ಳುತ್ತಾಳೆ.

ಸಹಿ ಕಳಿಸು.

ನಿನ್ನ ಅಪ್ಪ


ಮಾರ್ಚ್ 20

ಅಪ್ಪನಿಗೆ,

ಸಹಿ ಹಾಕಿದ್ದೇನೆ. ಹೆಸರಿನ ಜಾಗವನ್ನು ಖಾಲಿ ಬಿಟ್ಟಿಲ್ಲ. ಅಲ್ಲಿ ಬರೆದದ್ದನ್ನು ಓದಿ, ಆದರೆ ಯಾರಿಗೂ ಜೋರಾಗಿ ಓದಿ ಹೇಳಬೇಡಿ.

ತಡವಾಯಿತು. ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ನನಗೇ ನಾಚಿಕೆಯಾಯಿತು, ಕೆಲಸದ ಮಾತೊಂದನ್ನು ಹಿಡಿದುಕೊಂಡು ಒಂಬತ್ತು ವರ್ಷ ಕೂತೆನಲ್ಲ ಎಂದು. ಬರೋಣದ ಕಥೆ ಓದಿ ನಕ್ಕೆ ಕೂಡ. ಮೂರನೆಯ ಸಲ ಓದಿದಾಗ ಒಂದು ಕಡೆ ಗಾಜು ಸರಿಯಾಗಿ ಕೂತಿಲ್ಲ ಅನ್ನಿಸಿತು.

ನಾನು ಸಭೆಗೆ ಹೋಗುವುದನ್ನು ಬಿಟ್ಟು ಬಹಳ ದಿನವಾಯಿತು. ಏನು ನಂಬುತ್ತೀಯ ಎಂದು ಯಾರಾದರೂ ಕೇಳಿದರೆ ಮಾತು ಬದಲಿಸುತ್ತೇನೆ. ಆದರೆ ನೀವು ಹೇಳಿಕೊಟ್ಟ ಆ ಬೆಳಗು ಮಾತ್ರ ತಲೆಯಿಂದ ಹೋಗಲಿಲ್ಲ. ಆತನು ಬರುತ್ತಾನೆ, ಎಲ್ಲರೂ ಎದ್ದು ಕೂರುತ್ತಾರೆ, ಎಲ್ಲರ ಮುಖಕ್ಕೂ ಒಟ್ಟಿಗೆ ಬೆಳಕು ಬೀಳುತ್ತದೆ. ಗೋಡೆಯ ಪಕ್ಕ ಒಂದು ಕೂಸು ಎದ್ದು ಕೂತು ಪಕ್ಕಕ್ಕೆ ನೋಡುತ್ತಿರುತ್ತದೆ. ಇತ್ತ ತಿರುಗು ಎಂದು ಹೇಳುವುದಕ್ಕೂ ಯಾರೂ ಇರುವುದಿಲ್ಲ. ಗಾಜು ಉಜ್ಜುವಾಗ ಇದು ಕಣ್ಣ ಮುಂದೆ ಬಂದರೆ ಯಂತ್ರ ನಿಲ್ಲಿಸಿ ಹೊರಗೆ ಹೋಗಿ ನಿಲ್ಲುತ್ತೇನೆ.

ಅದಕ್ಕೇ ಕೇಳುತ್ತಿದ್ದೇನೆ. ಆಗಿನ ಪಾದ್ರಿಗಳು ಅವತ್ತು ಮಧ್ಯಾಹ್ನ ಆಸ್ಪತ್ರೆಗೆ ಬಂದಿದ್ದರು. ನನ್ನ ತಲೆಯ ಮೇಲೆ ಕೈಯಿಟ್ಟರು, ಪ್ರಾರ್ಥನೆ ಮಾಡಲು ಹೋಗಿ ಮಾಡಲಾಗದೆ ಅತ್ತರು. ಆ ಮನುಷ್ಯ ಅಲ್ಲಿಂದ ಸೀದಾ ಹೋಗಿ ನಿಮ್ಮ ಹತ್ತಿರ ಸಾಲಿಗೆ ಬೇಡ, ಗೋಡೆಗೆ ಹಾಕು ಎಂದರು ಅನ್ನುವುದನ್ನು ನನಗೆ ನಂಬಲು ಆಗುತ್ತಿಲ್ಲ. ಅವರು ನಿಮಗೆ ಏನು ಹೇಳಿದರು? ಅವರ ಮಾತಿನಲ್ಲೇ ಬರೆಯಿರಿ. ನಿಯಮ ಮಾಡಿಸಿತೋ, ನೀವು ಮಾಡಿದಿರೋ, ಅದು ಗೊತ್ತಾದರೆ ಸಾಕು.

ನಿಮ್ಮ ಮಗಳು


ಮಾರ್ಚ್ 29

ಚಿನ್ನ,

ನಿನ್ನಪ್ಪನ ಹಾಗೆ ಕಾಗದದ ಭಾಷೇಲಿ ಬರೆಯೋಕೆ ನಂಗೆ ಬರಲ್ಲ, ಮಾತಾಡಿದ ಹಾಗೇ ಬರೀತೀನಿ. ಇದನ್ನ ಅಂಚೆಗೆ ಹಾಕೋಕೆ ಇವರ ಕೈಗೆ ಕೊಡಲ್ಲ, ನಾನೇ ಹೋಗ್ತಿದೀನಿ.

ನಿನ್ನ ಕಾಗದ ಬಂದ ದಿನ ಇವರು ಊಟಕ್ಕೆ ಬರಲಿಲ್ಲ. ಹೋಗಿ ನೋಡಿದ್ರೆ ಏಳನೇ ಸಾಲಲ್ಲಿ ದಾರ ಕಟ್ಕೊಂಡು ಕೂತಿದಾರೆ. ಕಟ್ಟಿದ್ದ ದಾರಾನೇ ಬಿಚ್ಚೋದು, ಮತ್ತೆ ಕಟ್ಟೋದು. ‘ಪಾದ್ರಿಗಳು ಏನಂದಿದ್ರು ಅವತ್ತು?’ ಅಂತ ನೇರವಾಗೇ ಕೇಳ್ದೆ. ‘ಗೂಟ ಸಡಿಲ ಆಗಿದೆ’ ಅಂದ್ರು. ಮಾರನೇ ದಿನಾನೂ ಕೇಳ್ದೆ. ಚಹಾ ಲೋಟ ಹಿಡ್ಕೊಂಡು ಹೊರಗೆ ಹೋದ್ರು. ಈ ಮನುಷ್ಯನ ಜೊತೆ ನಲವತ್ತೆರಡು ವರ್ಷ ಬಾಳಿದೀನಿ, ಬಾಯಿಂದ ಒಂದು ಮಾತು ತೆಗೆಯೋದಕ್ಕಿಂತ ಕಲ್ಲಿಂದ ಮೊಳೆ ಕೀಳೋದು ಸಲೀಸು.

ಅವರ ವಿಷಯ ಹೇಳೋಕೆ ಬರೀತಿಲ್ಲ ನಾನು. ನನ್ನದೂ ಒಂದಿದೆ. ಅವರು ಆ ಮಾತು ಅಂದಾಗ ನಾನು ಅಲ್ಲೇ ಇದ್ದೆ. ಸ್ಟೂಲ್ ಮೇಲೆ ಕೂತು ನಿಂಗೆ ಅಂತ ಕಿತ್ತಳೆ ಸುಲೀತಿದ್ದೆ. ಕೇಳಿಸ್ತು. ನಿನ್ನ ಮುಖ ಬಾಡಿದ್ದೂ ನೋಡಿದೆ. ಹಾಗಲ್ಲ ಕಣೆ, ನಾನಿದೀನಿ ಅಂತ ಒಂದು ಮಾತು ಅನ್ನಬಹುದಿತ್ತು. ಅನ್ನಲಿಲ್ಲ, ಬಿಳೀ ನಾರು ಒಂದೂ ಬಿಡದ ಹಾಗೆ ಕಿತ್ತಳೆ ಬಿಡಿಸ್ತಾ ಕೂತೆ. ಯಾಕೆ ಅಂತ ನಂಗೇ ಗೊತ್ತಿಲ್ಲ. ಅವರಿಗೆ ಎದುರು ಮಾತಾಡಿ ಅಭ್ಯಾಸ ಇರಲಿಲ್ಲ ಅಂದ್ರೆ ಸುಳ್ಳಾಗತ್ತೆ, ಬೇರೆಲ್ಲದಕ್ಕೂ ಮಾತಾಡ್ತೀನಿ.

ನಿಂಗೆ ಅವರ ಮೇಲೆ ಕೋಪ ಇದೆ, ನನ್ನ ಮೇಲಿಲ್ಲ. ಅದೇ ನಂಗೆ ಕಷ್ಟ.

ಅಮ್ಮ


ಏಪ್ರಿಲ್ 11

ಕರ್ತನಲ್ಲಿ ಪ್ರಿಯ ಮಗಳಿಗೆ,

ಮೊನ್ನೆ ಅಗೆತ ಮುಗಿಯಿತು. ನಾಲ್ಕು ಜನ ಆಳು, ಪಾದ್ರಿಗಳು, ನಾನು. ಹಳೆಯವು ಕೆಲವು ಆಳದಲ್ಲಿದ್ದವು, ಒಂದಿಷ್ಟು ಸಿಕ್ಕಿತು, ಪೆಟ್ಟಿಗೆಗೆ ಹಾಕಿ ಸಾಲಿಗೆ ತಂದೆವು. ನಿನ್ನದನ್ನು ಆಳುಗಳಿಗೆ ಬಿಡಲಿಲ್ಲ. ಸಲಿಕೆ ಹಾಕದೆ ಕೈಯಿಂದಲೇ ತೆಗೆದೆ.

ಹೇಗೆ ಬರೆಯಲಿ. ಅಲ್ಲಿ ಏನೂ ಇರಲಿಲ್ಲ. ಆ ಪ್ರಾಯದ ಮಕ್ಕಳ ಎಲುಬು ಎಳೆಯದು, ಆ ಗೋಡೆ ಪಕ್ಕದ ಮಣ್ಣು ತೇವ, ಒಂಬತ್ತು ವರ್ಷ ಬೇಕಾಗಿರಲಿಲ್ಲ. ಈ ಕೆಲಸದವನಾಗಿ ನನಗೆ ಮೊದಲೇ ಹೊಳೆಯಬೇಕಿತ್ತು. ಒಂದು ಕಡೆ ಮಣ್ಣು ಸ್ವಲ್ಪ ಕಪ್ಪಗಿತ್ತು. ನಿನ್ನಮ್ಮ ಹೆಣೆದ ಅಂಗಿಯ ಗುಂಡಿ ಒಂದು ಸಿಕ್ಕಿತು. ಅಷ್ಟೇ.

ಪಾದ ಪೂರ್ವಕ್ಕಿಟ್ಟು ಮಲಗಿಸುತ್ತೇನೆ ಎಂದು ನಿನಗೆ ಬರೆದಿದ್ದೆ. ದಿಕ್ಸೂಚಿ ಜೇಬಿನಲ್ಲಿತ್ತು. ಹೊಸ ಗುಂಡಿ ತೋಡಿ ಆಗಿತ್ತು, ಅಳತೆ ಸರಿಯಾಗಿತ್ತು, ದಾರ ನೇರವಾಗಿತ್ತು. ತಿರುಗಿಸಿ ಮಲಗಿಸುವುದಕ್ಕೆ ಏನೂ ಉಳಿದಿರಲಿಲ್ಲ. ಆ ಮಣ್ಣನ್ನೇ ಎರಡಡಿ ಪೆಟ್ಟಿಗೆಯಲ್ಲಿ ತುಂಬಿದೆ. ಮಣ್ಣಿಗೆ ತಲೆ ಯಾವುದು, ಪಾದ ಯಾವುದು? ಪಾದ್ರಿಗಳು ಹೆಗಲ ಮೇಲೆ ಕೈಯಿಟ್ಟು, ‘ಪರವಾಗಿಲ್ಲ ಅಣ್ಣ, ಆತನಿಗೆ ಗೊತ್ತಾಗತ್ತೆ’ ಎಂದರು. ಆತನಿಗೆ ಗೊತ್ತಾಗುತ್ತದೆ ಎಂಬುದೇ ನನಗೆ ಕಷ್ಟವಾಯಿತು.

ಪೆಟ್ಟಿಗೆಯನ್ನು ಇನ್ನೂ ಇಳಿಸಿಲ್ಲ. ಮನೆಯಲ್ಲಿ, ನೀನು ಓದಿಕೊಳ್ಳುತ್ತಿದ್ದ ಮೇಜಿನ ಮೇಲಿದೆ. ನೀನು ಬರುವುದಾದರೆ ಕಾಯುತ್ತೇವೆ.

ನಿನ್ನ ಪ್ರಶ್ನೆಗೆ ಉತ್ತರ ಬರೆಯಬೇಕು. ಹಾಳೆ ಮುಗಿಯಿತು.

ನಿನ್ನ ಅಪ್ಪ


ಏಪ್ರಿಲ್ 16

ಅಪ್ಪನಿಗೆ,

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಮಧ್ಯಾಹ್ನದ ಬಸ್ಸಿಗೆ ವಾಪಸ್ಸು. ಪೆಟ್ಟಿಗೆಗೆ ಮೊಳೆ ಹೊಡೆಯಬೇಡಿ.

ಅಂಗಡಿಗಳಲ್ಲಿ ಇನ್ನೂ ಹಾಳೆ ಮಾರುತ್ತಾರೆ ಅಪ್ಪ. ಆದರೆ ಬರೆಯುವುದು ಬೇಡ, ಬಂದಾಗಲೇ ಹೇಳಿ.

ನಿಮ್ಮ ಮಗಳು


ಮೇ 2

ಮಗಳೇ,

ನೀನು ಬಂದು ಹೋಗಿ ಹತ್ತು ದಿನವಾಯಿತು. ನಿನ್ನಮ್ಮ ಆ ನಾಲ್ಕು ಗಂಟೆಯನ್ನು ದಿನಾ ಮೊದಲಿನಿಂದ ಕೊನೆಯ ತನಕ ಹೇಳುತ್ತಾಳೆ. ನೀನು ಎರಡು ಸಲ ಬಡಿಸಿಕೊಂಡೆಯಂತೆ. ನಿನ್ನ ಕೂದಲು ಬೆಳ್ಳಗಾಗಿದೆಯಂತೆ. ನಾನೂ ಅಲ್ಲೇ ಇದ್ದೆ ಎಂಬುದು ಅವಳಿಗೆ ಮರೆತುಹೋಗಿದೆ.

ನಾನು ಅಲ್ಲಿದ್ದು ಏನು ಮಾಡಿದೆ? ಬಸ್ಸು ತಡವಾಯಿತಾ ಎಂದು ಕೇಳಿದೆ. ನಿಮ್ಮ ಅಂಗಡಿಯಲ್ಲಿ ಯಂತ್ರ ಎಷ್ಟಿವೆ ಎಂದು ಕೇಳಿದೆ. ನೀನು ನನ್ನ ಕನ್ನಡಕ ತೆಗೆದುಕೊಂಡು, ಎಡಗಡೆಯದು ಓರೆ ಕೂತಿದೆ ಎಂದು ಕಡ್ಡಿ ಬಗ್ಗಿಸಿ ಸರಿ ಮಾಡಿ, ನೀನೇ ನನ್ನ ಕಿವಿಗೆ ಹಾಕಿದೆ. ಆಗ ನಿನ್ನ ಮುಖ ಒಂದು ಗೇಣು ದೂರದಲ್ಲಿತ್ತು. ಹೇಳಬೇಕಾದದ್ದು ಬಾಯಿಗೆ ಬಂದಿತ್ತು. ‘ಈಗ ಚೆನ್ನಾಗಿ ಕಾಣ್ಸತ್ತೆ’ ಅಂದೆ. ಪೆಟ್ಟಿಗೆಯನ್ನು ನೀನೇ ಇಳಿಸಿದೆ, ಮಣ್ಣೂ ನೀನೇ ಎಳೆದೆ. ನಾನು ದಾರ ಹಿಡಿದು ನಿಂತೆ. ಬಸ್ ಸ್ಟಾಪಿನಲ್ಲಿ ನೀನು ನನ್ನನ್ನು ನೋಡುತ್ತಾ ನಿಂತೇ ಇದ್ದೆ. ಕಂಡಕ್ಟರು ಎರಡು ಸಲ ಸೀಟಿ ಹಾಕಿದ. ‘ಕಿಟಕಿ ಪಕ್ಕ ಕೂತ್ಕೋ, ಗಾಳಿ ಬರತ್ತೆ’ ಅಂದೆ. ನೀನು ಹತ್ತಿಕೊಂಡೆ. ನೀನು ಕಾಯುತ್ತಿದ್ದದ್ದು ಗಾಳಿಯ ವಿಷಯಕ್ಕಲ್ಲ ಎಂದು ನನಗೆ ಗೊತ್ತಿತ್ತು.

ಈಗ ಬರೆಯುತ್ತೇನೆ. ಅವತ್ತು ಆಸ್ಪತ್ರೆಯಿಂದ ಪಾದ್ರಿಗಳು ಸೀದಾ ನನ್ನ ಹತ್ತಿರ ಬಂದರು. ಕಣ್ಣು ಕೆಂಪಗಾಗಿತ್ತು. ಅವರ ಮಾತಿನಲ್ಲೇ ಬರೆ ಎಂದಿದ್ದೀಯ. ‘ನಿನ್ನ ಮೊಮ್ಮಗಳು. ಎಲ್ಲಿ ಮಲಗಿಸಬೇಕು ಅನ್ಸತ್ತೋ ಅಲ್ಲಿ ಮಲಗಿಸು. ನಾನು ಆ ಕಡೆ ತಿರುಗಿಯೂ ನೋಡಲ್ಲ’ ಎಂದರು. ನನ್ನ ಕೈ ಹಿಡಿದು ಹೇಳಿದರು, ಹೇಳಿ ಹೊರಟುಹೋದರು. ಅವರು ಹೇಳಿದರು, ನಾನು ಅಗೆದೆ ಎಂದು ನಿನಗೆ ಬರೆದದ್ದು ಸುಳ್ಳು. ಈಗ ತೀರಿಕೊಂಡಿರುವ ಆ ಪಾದ್ರಿಗಳ ತಲೆಗೆ ಕಟ್ಟಿದೆ.

ಮೂರನೆಯ ಸಾಲಿನಲ್ಲಿ ಜಾಗವಿತ್ತು. ಹೋಗಿ ಗೂಟ ಹೊಡೆದೆ, ದಾರ ಎಳೆದೆ. ಎಳೆದವನು ನಿಂತುಬಿಟ್ಟೆ. ಅಷ್ಟು ವರ್ಷ ಎಷ್ಟೋ ತಾಯಂದಿರು ಬಂದು, ಸಾಲಿನಲ್ಲಿ ಒಂದು ಮೂಲೆ ಕೊಡಿ ಎಂದು ಕೇಳಿದ್ದರು. ನಿಯಮ ಎಂದು ಹೇಳಿ ಎಲ್ಲರನ್ನೂ ಗೋಡೆಗೆ ಕಳಿಸಿದ್ದೆ. ಈಗ ನನ್ನ ಮನೆಯದು ಬಂದಾಗ ಸಾಲಿಗೆ ಹಾಕಿಕೊಂಡ ಎಂದು ಜನ ಅನ್ನಬಾರದಲ್ಲ. ನಿಯಮ ಅಂದರೆ ನಿಯಮ, ತನ್ನ ಮೊಮ್ಮಗಳಿಗೂ ಬಿಡಲಿಲ್ಲ ಅನ್ನಬೇಕಲ್ಲ. ಅದಕ್ಕಾಗಿ ಗೂಟ ಕಿತ್ತೆ. ಇನ್ನೊಂದೂ ಇದೆ. ನನ್ನ ಮಾತು ಮೀರಿ ನೀನು ಅವನನ್ನು ಕಟ್ಟಿಕೊಂಡೆ, ಅವನು ಬಿಟ್ಟು ಹೋದ. ಆ ಸಿಟ್ಟು ಇನ್ನೂ ಇತ್ತು. ಅದನ್ನು ಎರಡಡಿ ಉದ್ದದ ಕೂಸಿನ ಮೇಲೆ ತೀರಿಸಿಕೊಂಡೆ. ಯಾರೂ ನೋಡುತ್ತಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಆ ಕಿರಿದಾದ ಜಾಗದಲ್ಲೂ ಅವಳಷ್ಟು ಸಣ್ಣವಳನ್ನು ಪೂರ್ವಕ್ಕೆ ತಿರುಗಿಸಿ ಮಲಗಿಸಬಹುದಿತ್ತು. ಅದನ್ನೂ ಮಾಡಲಿಲ್ಲ.

ಪ್ರತಿ ಭಾನುವಾರ ಸಭೆಯಲ್ಲಿ ಎಲ್ಲರೂ ಕರ್ತನೇ ಬೇಗ ಬಾ ಎಂದು ಪ್ರಾರ್ಥಿಸುತ್ತಾರೆ. ಒಂಬತ್ತು ವರ್ಷದಿಂದ ನಾನೂ ಬಾಯಲ್ಲಿ ಹಾಗೇ ಅನ್ನುತ್ತೇನೆ, ಒಳಗೆ ಬೇಡ, ಇನ್ನೂ ಸ್ವಲ್ಪ ತಡಮಾಡು ಅನ್ನುತ್ತೇನೆ. ಸತ್ತವರ ಮುಖ ಆತನ ಕಡೆಗಿರಲಿ ಎಂದು ನಲವತ್ತು ವರ್ಷ ದಾರ ಕಟ್ಟಿದೆ. ಆತನು ಬಂದ ದಿನ ನಾನು ಎಲ್ಲಿ ಮುಖ ಇಡಲಿ ಎಂದು ಯೋಚಿಸಿರಲಿಲ್ಲ. ನಿನ್ನನ್ನು ಕ್ಷಮೆ ಕೇಳುವುದಕ್ಕೆ ನನಗೆ ಬಾಯಿಲ್ಲ. ನೀನು ಮತ್ತೆ ಬರದೆ ಇದ್ದರೂ ನಾನು ಏನೂ ಅನ್ನಲಾರೆ.

ನೀನು ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ. ಆ ಮಾತು ನೀನು ಕೇಳಿಸಿಕೊಂಡ ಹಾಗೇ ಇತ್ತು, ಆದರೆ ಅದು ನಿಜವಾಗಿರಲಿಲ್ಲ. ಅವಳಿಗೆ ದಿಕ್ಕಿತ್ತು ಮಗಳೇ. ನಾನಿದ್ದೆ.

ಅಪ್ಪ